ಯಂತ್ರಕ್ಕೆ ಕಾಣದ ಬೆರಳು

ಭಾವನ ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿ ಯಂತ್ರದ ಮೊದಲ ಏಟು ಅಕ್ಕನದೇ ಆಗಬೇಕಿತ್ತು. ಮದುವೆಯಾದ ಹೊಸದರಲ್ಲಿ ಭಾವ ತಾವು ಮಾಡಿದ ಮೊದಲ ಯಂತ್ರವನ್ನು ಅವಳ ಮುಂದೆ ತಂದಿಟ್ಟು, "ಹೇಗಿದೆ ಹೇಳು" ಎಂದಿದ್ದರಂತೆ. ಅವಳು ಚರ್ಮದ ಚೂರೊಂದನ್ನಿಟ್ಟು ಪೆಡಲ್ ಒತ್ತಿ, "ಎಡಕ್ಕೆ ಎಳೆಯುತ್ತೆ" ಎಂದಳಂತೆ. ಬಿಚ್ಚಿ ನೋಡಿದರೆ ನಿಜವಾಗಿಯೂ ಎಳೆಯುತ್ತಿತ್ತು. ಅಲ್ಲಿಂದಾಚೆಗೆ ಅದೇ ರೂಢಿಯಾಯಿತು. ಯಂತ್ರ ಸಿದ್ಧವಾದ ಕೂಡಲೇ ಭಾವ ಅಡುಗೆಮನೆಯ ಕಡೆ ತಿರುಗಿ ಒಂದು ಕೂಗು ಹಾಕುವರು. ಅಕ್ಕ ಕೈ ಒರೆಸಿಕೊಂಡು ಬಂದು ಕೂತು, ಹೊಡೆದು ನೋಡಿ, ಹೌದು ಎನ್ನುವಳು ಇಲ್ಲವೇ ಮುಖ ಸಿಂಡರಿಸುವಳು. ಮುಖ ಸಿಂಡರಿಸಿದ ಯಂತ್ರ ಬಾಗಿಲು ದಾಟುತ್ತಿರಲಿಲ್ಲ.

ಅವು ಮೇಜಿನ ಮೇಲಿಡುವಂಥ ಯಂತ್ರಗಳು. ಚೀಲ, ಬೂಟು, ಬೆಲ್ಟುಗಳಿಗೆ ಲೋಹದ ಪುಟ್ಟ ಉಂಗುರಗಳನ್ನು ಕೂರಿಸುವ ಕೆಲಸ ಅವುಗಳದು. ಹಿಂದೆ ಮೋಟಾರು, ಕಾಲ ಬಳಿ ಪೆಡಲು, ಮೇಲಿನಿಂದ ಇಳಿದು ಬಡಿಯುವ ಒಂದು ದುಂಡನೆಯ ಉಕ್ಕಿನ ಮೊನೆ. ಆ ಮೊನೆಗೆ ಕಾರ್ಖಾನೆಯಲ್ಲಿ ಮೂತಿ ಎಂದು ಹೆಸರು. ಹೋದ ವರ್ಷ ಒಂದು ಮಧ್ಯಾಹ್ನ ಮೂತಿ ಅಕ್ಕನ ಎಡಗೈಯ ತೋರುಬೆರಳ ಮೇಲೆ ಬಿತ್ತು. ಮೂಳೆ ಕೂಡಿಕೊಂಡಿತು, ಉಗುರು ಸೊಟ್ಟಗೆ ಮತ್ತೆ ಬೆಳೆಯಿತು, ತುದಿಯ ಚರ್ಮ ದಪ್ಪಗಾಗಿ ಹಳೆಯ ಮೇಣದಂತೆ ಹೊಳೆಯತೊಡಗಿತು. ಆದರೆ ಅವಳ ಕುರ್ಚಿಯನ್ನು ಭಾವ ಅಂದೇ ಎತ್ತಿ ಒಳಮನೆಗೆ ಹಾಕಿದ್ದರು. ಅರ್ಧ ಮಾಡಿದ ಯಂತ್ರಗಳ ಎರಕದ ಮೈಗಳನ್ನು ಗೋಡೆಯ ಪಕ್ಕಕ್ಕೆ ಸರಿಸಿ ಟಾರ್ಪಾಲು ಹೊದಿಸಿ, ಬಾಗಿಲಿನ ತಿರುಗಣಿ ಮಾಡಲು ಶುರು ಮಾಡಿದರು. ತಿಂಗಳ ಕೊನೆಗೆ ಬಂದು ಎಲ್ಲವನ್ನೂ ಹೊತ್ತುಕೊಂಡು ಹೋಗುವಂತೆ ಗುಜರಿಯವನಿಗೆ ಹೇಳಿಯೂ ಆಗಿತ್ತು.

ನಾನು ಭೌತಶಾಸ್ತ್ರದ ಪದವಿ ಮುಗಿಸಿ, ಮುಂದೇನೆಂದು ತೋಚದೆ ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿದ್ದೆ. ಕೆಳಗೆ ಮುಂದಿನ ಭಾಗ ಕಾರ್ಖಾನೆ, ಗೋಡೆಯಾಚೆ ಮನೆ. ಆ ಮನೆಯಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಊಟದ ಮೇಜಿನಲ್ಲಿ ನೀರಿನ ಲೋಟ ಇಡುವ ಸದ್ದು, ತಟ್ಟೆ ಸರಿಸುವ ಸದ್ದು, ಭಾವ "ಸಾಕು" ಎನ್ನುವ ಸದ್ದು. ಅಕ್ಕ ಭಾವನ ಮೇಲೆ ಒಳಗೊಳಗೇ ಕುದಿಯುತ್ತಿದ್ದಾಳೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಗಂಡ ಮಾಡಿದ ಯಂತ್ರ, ಹೆಂಡತಿಯ ಬೆರಳು. ಇನ್ನೇನಿರುತ್ತದೆ?

ಹೀಗಿರುವಾಗ ಬಂದವಳು ಚೀಲದಮ್ಮ. ಪಕ್ಕದ ಬೀದಿಯಲ್ಲಿ ಒಂದು ಮಹಡಿ ಹಿಡಿದು ಹೆಂಗಸರಿಂದ ಕ್ಯಾನ್ವಾಸ್ ಚೀಲ ಹೊಲಿಸುವವಳು. ಬಾಗಿಲಿಗಿಂತ ಮೊದಲು ಅವಳ ದನಿ ಒಳಗೆ ಬರುತ್ತದೆ.

"ಉಂಗುರ ಕೂರಿಸೋ ಮಿಷನ್ ಬೇಕು ಕಣಪ್ಪಾ. ಬೇಗ ಬೇಕು."

ಭಾವ ತಿರುಗಣಿಗೆ ಅರ ಉಜ್ಜುತ್ತಲೇ, "ಈಗ ಮಾಡ್ತಾ ಇಲ್ಲ" ಎಂದರು.

"ಮಾಡ್ತಾ ಇಲ್ಲ ಅಂದ್ರೆ? ಗೋಡೆ ಪಕ್ಕ ಹೊದ್ಕೊಂಡು ಮಲಗಿರೋದ್ಯಾರು, ನಿಮ್ಮ ಮಾವನಾ?"

ಲೇತಿನ ಹಿಂದಿನಿಂದ ಗುಡುಗು ಗೊಳ್ಳೆಂದು ನಕ್ಕ. ಅವನು ನಮ್ಮ ಲೇತಿನ ಕೆಲಸಗಾರ. ಕಿವಿ ಮಂದ, ಹಾಗಾಗಿ ಪಿಸುಮಾತನ್ನೂ ಬೀದಿಗೆ ಕೇಳುವಂತೆ ಆಡುತ್ತಾನೆ. ಹೆಸರು ಅದರಿಂದ ಬಂದದ್ದು. ಭಾವ ನಗಲಿಲ್ಲ.

"ಬೆರಳು ಹೋಗುತ್ತಮ್ಮ. ಬೇಡ."

"ಹೋಗ್ದೇ ಇರೋ ಹಾಗೆ ಮಾಡಿ. ಆಸ್ಪತ್ರೇಲಿ ನೋಡಿದೀನಿ, ನಲ್ಲಿ ಕೆಳಗೆ ಕೈ ಒಡ್ಡಿದ್ರೆ ನೀರು ಬರುತ್ತೆ, ತೆಗೆದ್ರೆ ನಿಲ್ಲುತ್ತೆ. ಒಂದು ನಲ್ಲಿಗಿರೋ ಬುದ್ಧಿ ನಿಮ್ಮ ಮಿಷನ್‌ಗೆ ಬರಬಾರ್ದಾ?" ಅವಳು ಟಾರ್ಪಾಲಿನ ತುದಿ ಎತ್ತಿ ಇಣುಕಿ, ಮತ್ತೆ ಮುಚ್ಚಿದಳು. "ಇನ್ನೊಂದು ಮಾತು. ಮೊದಲ ಏಟು ನಿಮ್ಮ ಮನೆಯವರೇ ಹೊಡೀಬೇಕು. ಅವರು ಕೂತು ನೋಡಿದ ಮಿಷನ್ ಮೇಲಷ್ಟೇ ನಾನು ನನ್ನ ಹೆಣ್ಮಕ್ಕಳನ್ನ ಕೂರಿಸೋದು. ಮುಂದಿನ ವಾರ ಬರ್ತೀನಿ. ಇಲ್ಲ ಅನ್ನೋದಿದ್ರೆ ಆವತ್ತು ಹೇಳಿ, ಇವತ್ತು ನಂಗೆ ಕಿವಿ ಕೇಳ್ಸಲ್ಲ."

ಅವಳು ಹೋದ ಮೇಲೆ ಅಕ್ಕ ಮಹಡಿಯ ಮೆಟ್ಟಿಲು ಹತ್ತಿ ಬಂದಳು. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು.

"ಅದು ಆಗುತ್ತೇನೇ? ಆ ನಲ್ಲಿ ವಿಷ್ಯ?"

"ಆಗಬಹುದು, ಅಕ್ಕ. ಮಾಡಿ ನೋಡ್ಬೇಕು."

"ನೋಡು ಹಾಗಾದ್ರೆ. ನಂಗೆ ನನ್ನ ಕುರ್ಚಿ ವಾಪಸ್ ಬೇಕು ಕಣೇ. ತಿರುಗಣಿ ಇಟ್ಕೊಂಡು ನಾನೇನು ಮಾಡ್ಲಿ? ಬಾಗಿಲು ತೆಗೆದ್ರೆ ತೆಗೆಯುತ್ತೆ, ಹಾಕಿದ್ರೆ ಹಾಕುತ್ತೆ. ಅದಕ್ಕೆ ನನ್ನ ಅಭಿಪ್ರಾಯ ಯಾಕೆ ಬೇಕು?" ಕಿಟಕಿಯ ಹತ್ತಿರ ಹೋಗಿ ಕೆಳಗೆ ಬಗ್ಗಿ ನೋಡಿದಳು. "ಗುಜರಿಯವನು ಬಂದುಹೋದ್ರೆ ಮುಗೀತು. ಅವರು ಮತ್ತೆ ಶುರು ಮಾಡಲ್ಲ. ನಂಗೊತ್ತು."

ಹಿಂದೆ ಇಂಥ ಯಂತ್ರಕ್ಕೆ ಕಾವಲು ಬೇಕೆಂದರೆ ಅದರ ಬಾಯಿಗೆ ಬೆಳಕಿನ ಪರದೆ ಕಟ್ಟಬೇಕಿತ್ತು. ಕೈ ಅಡ್ಡ ಬಂದರೆ ಬೆಳಕು ಕಡಿದು ಯಂತ್ರ ನಿಲ್ಲುವುದು. ಭಾವ ಬಹಳ ಹಿಂದೆಯೇ ವಿಚಾರಿಸಿದ್ದರಂತೆ. ಒಂದು ಪರದೆಯ ಬೆಲೆಗೆ ನಮ್ಮ ಯಂತ್ರಗಳನ್ನು ರಾಶಿ ಹಾಕಬಹುದಿತ್ತು. ಹಾಗಾಗಿ ದೊಡ್ಡ ಕಾರ್ಖಾನೆಗಳ ಬೆರಳುಗಳಿಗೆ ಕಾವಲು, ಸಣ್ಣ ಕಾರ್ಖಾನೆಗಳ ಬೆರಳುಗಳಿಗೆ ಎಚ್ಚರಿಕೆಯ ಮಾತು. ಈಗ ಕಾಲ ಬದಲಾಗಿತ್ತು. ಫೋನುಗಳಿಗಾಗಿ, ಆಟದ ಸಾಮಾನುಗಳಿಗಾಗಿ, ದೀಪದ ಗುಂಡಿಗಳಿಗಾಗಿ ಕೋಟಿಗಟ್ಟಲೆ ಸೆನ್ಸರುಗಳು ತಯಾರಾಗಿ, ಅವುಗಳ ಬೆಲೆ ಗುಂಡುಸೂಜಿಯ ಡಬ್ಬಿಯ ಮಟ್ಟಕ್ಕೆ ಇಳಿದಿತ್ತು. ನಾನು ತರಿಸಿದ ಸೆನ್ಸರಿನ ಚಿಪ್ಪು ಕಿರುಬೆರಳ ಉಗುರಿನಷ್ಟಿತ್ತು. ಪೊಟ್ಟಣ ಬಿಚ್ಚಿದಾಗ ಗುಡುಗು, "ಇದೇನಾ? ನಾನು ಸೀನಿದ್ರೆ ಹಾರಿಹೋಗುತ್ತೆ!" ಎಂದು ಕೂಗಿ, ಮರ್ಯಾದೆಯಿಂದ ಮುಖ ಆಚೆ ತಿರುಗಿಸಿದ.

ಟಾರ್ಪಾಲಿನ ಕೆಳಗೆ ಪೂರ್ತಿ ಜೋಡಿಸಿದ್ದ ಯಂತ್ರವೂ ಒಂದಿತ್ತು. ಅದರ ಮೂತಿಯ ಕೆಳಗೆ, ಉಂಗುರ ಕೂರುವ ಜಾಗದ ಸುತ್ತ ತಾಮ್ರದ ಒಂದು ಪಟ್ಟಿ ಅಂಟಿಸಿದೆ. ಮನುಷ್ಯನ ಮೈ ಹತ್ತಿರ ಬಂದರೆ ಪಟ್ಟಿಯಲ್ಲಿ ನಿಲ್ಲುವ ವಿದ್ಯುತ್ತು ತುಸು ಹೆಚ್ಚುತ್ತದೆ. ಚಿಪ್ಪು ಆ ಹೆಚ್ಚಳವನ್ನು ಅಂಕಿಯಾಗಿ ಹೇಳುತ್ತದೆ. ಅಂಕಿ ಒಂದು ಗೆರೆ ದಾಟಿದರೆ ಸಣ್ಣ ಕೀಲೊಂದು ಮುಂದೆ ಬಂದು ಪೆಡಲನ್ನು ಕಚ್ಚಿ ಹಿಡಿಯುತ್ತದೆ. ಅಷ್ಟೇ ವಿದ್ಯೆ. ಭಾವ ಏನೂ ಕೇಳಲಿಲ್ಲ. ಆದರೆ ಮರುದಿನ ನನ್ನ ಮೇಜಿನ ಮೇಲೆ, ಆ ಕೀಲನ್ನು ಕೂರಿಸಲು ಬೇಕಾದ ಹಿತ್ತಾಳೆಯ ತೊಟ್ಟಿಲು, ಅಂಚೆಲ್ಲ ನುಣ್ಣಗೆ ಉಜ್ಜಿ ಇಟ್ಟಿತ್ತು. ಇಟ್ಟವರು ಯಾರೆಂದು ನಾನೂ ಕೇಳಲಿಲ್ಲ.

ಉಕ್ಕಿನ ಮೂತಿಯನ್ನು ಬಿಚ್ಚಿ ಅದರ ಜಾಗದಲ್ಲಿ ಬೆಂಡಿನ ತುಂಡೊಂದನ್ನು ಸಿಕ್ಕಿಸಿ ಪರೀಕ್ಷೆ ಶುರು ಮಾಡಿದೆ. ನನ್ನ ಬೆರಳಿಟ್ಟೆ, ಪೆಡಲು ಒತ್ತಿದೆ. ಕಲ್ಲಿನಂತೆ ನಿಂತಿತು. ತೆಗೆದೆ, ಬೆಂಡು ಟಪ್ಪೆಂದು ಇಳಿಯಿತು. ಎಡಗೈ, ಬಲಗೈ, ಹೆಬ್ಬೆರಳು, ಕಿರುಬೆರಳು. ಒಮ್ಮೆಯೂ ತಪ್ಪಲಿಲ್ಲ. ಗುಡುಗು ತನ್ನ ಎಣ್ಣೆಗೈ ಒಡ್ಡಿ ನೋಡಿ, "ನನ್ನ ಹೆಂಡ್ತಿಗಿಂತ ಚುರುಕು!" ಎಂದು ಸರ್ಟಿಫಿಕೇಟು ಕೊಟ್ಟ. ಭಾವ ದೂರದಲ್ಲೇ ನಿಂತು ನೋಡಿದರು. ಕೊನೆಗೆ ಹತ್ತಿರ ಬಂದು ತಮ್ಮ ಬೆರಳನ್ನೂ ಇಟ್ಟರು. ಯಂತ್ರ ಮಿಸುಕಲಿಲ್ಲ. ಅವರ ಎದೆಯಿಂದ ಒಂದು ಉಸಿರು ಹೊರಗೆ ಬಂತು.

"ಅವಳನ್ನ ಕರಿ" ಎಂದರು.

ಅಕ್ಕ ಬಂದಳು. ಕುರ್ಚಿ ಒಳಗಿದ್ದುದರಿಂದ ಗುಡುಗಿನ ಸ್ಟೂಲಿನ ಮೇಲೆಯೇ ಕೂತಳು. ಸೊಟ್ಟ ಉಗುರಿನ ಆ ಬೆರಳನ್ನೇ ಮುಂದೆ ಚಾಚಿದಳು. ನಾನು, "ಪೆಡಲ್ ಒತ್ತು ಅಕ್ಕ, ಏನೂ ಆಗಲ್ಲ" ಎಂದೆ.

ಒತ್ತಿದಳು. ಬೆಂಡು ಬಂದು ಬೆರಳ ಮೇಲೆ ಟಪ್ಪೆಂದು ಬಡಿಯಿತು.

ನೋವಾಗುವಂಥದ್ದೇನಲ್ಲ, ಬೆಂಡು ತಾನೆ. ಆದರೆ ಲೇತು ನಿಂತಿತು. ಅಕ್ಕ ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ ಬಡಿಯಿತು. ಬೆರಳು ಬದಲಿಸಿ ಪಕ್ಕದ್ದನ್ನಿಟ್ಟಳು. ಅದರ ಮೇಲೂ ಬಡಿಯಿತು.

"ನನ್ನ ಕೈ ಇದರ ಕಣ್ಣಿಗೆ ಬೀಳ್ಲೇ ಇಲ್ವಲ್ಲೇ" ಎಂದಳು, ದನಿ ಏರಿಸದೆ.

ಭಾವ ಮೋಟಾರಿನ ಗುಂಡಿ ಆರಿಸಿ ಬೀದಿಗೆ ಇಳಿದು ಹೋದರು. ಎದುರಿನ ಗೋಡೆಯ ನೆರಳಲ್ಲಿ ಬೆನ್ನು ಹಾಕಿ ನಿಂತದ್ದು ಕಿಟಕಿಯಿಂದ ಕಾಣುತ್ತಿತ್ತು.

ನಾನು ಅಂಕಿಗಳನ್ನು ನೋಡುತ್ತ ಕೂತೆ. ಅಕ್ಕನ ಬೆರಳು ತಂದ ಹೆಚ್ಚಳ ಒಂದು ಚರ್ಮದ ಚೂರು ತರುವಷ್ಟೇ ಇತ್ತು. ವರ್ಷಗಟ್ಟಲೆ ಪರೀಕ್ಷೆಯ ಚರ್ಮದ ಚೂರುಗಳಿಗೆ ಮೆತ್ತಿದ ಹದದ ಪುಡಿಯನ್ನೂ ಪಾತ್ರೆ ತೊಳೆಯುವ ಸೋಡಾ ನೀರನ್ನೂ ಮುಟ್ಟಿದ ಕೈ. ತುದಿಗಳು ಒಣಗಿ ದಪ್ಪಗಟ್ಟಿದ್ದವು. ಆ ದಪ್ಪದ ಕೆಳಗೆ ರಕ್ತ ಹರಿಯುತ್ತಿದೆ ಎನ್ನುವುದು ನನ್ನ ತಾಮ್ರದ ಪಟ್ಟಿಗೆ ಗೊತ್ತಾಗಿರಲಿಲ್ಲ. ನನ್ನದು ಪುಸ್ತಕ ತಿರುವುವ ಕೈ, ಬೆವರಿನ ತೇವವಿರುವ ಕೈ. ಭಾವ, ಗುಡುಗು ಇಬ್ಬರದೂ ಎಣ್ಣೆಯಲ್ಲಿ ನೆನೆದು ಮೆತ್ತಗಾದ ಕೈ. ಅಂಥ ಕೈಗಳಿಗೆ ಹೊಂದುವ ಹಾಗೆ ಗೆರೆ ಎಳೆದು, ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಯಾವ ಕೈಗಳಿಗಾಗಿ ಈ ಕಾವಲೋ ಆ ಕೈಗಳೇ ಇದಕ್ಕೆ ಕಾಣುತ್ತಿರಲಿಲ್ಲ.

"ಭಾವ ಮಿಷನ್ ಕಂಡ್ರೆ ಇಷ್ಟೊಂದು ಹೆದರಿಬಿಟ್ಟಿದ್ದಾರೆ" ಎಂದೆ, ಏನಾದರೂ ಹೇಳಬೇಕೆಂದು.

"ಮಿಷನ್ ಕಂಡಲ್ಲ." ಅಕ್ಕ ಬೆಂಡಿನ ಮೇಲೆ ಕೈಯಾಡಿಸುತ್ತಿದ್ದಳು. "ಆವತ್ತು ಏನಾಯ್ತು ಗೊತ್ತಾ? ಯಾರೋ ಗಿರಾಕಿ ಬಂದುಹೋಗಿದ್ದ, ಬಾತುಕೋಳಿ ಥರ ನಡೆಯೋನು. ಇವರು ಅವನ ಹಿಂದೆ ಬಾಗಿಲು ಹಾಕಿದ್ದೇ, ಸೊಂಟದ ಮೇಲೆ ಕೈ ಇಟ್ಕೊಂಡು ಅದೇ ಥರ ನಡ್ಕೊಂಡು ಬಂದ್ರು. ನಂಗೆ ನಗು ತಡೀಲಿಲ್ಲ. ನಕ್ಕು ನಕ್ಕು ಕಾಲು ಪೆಡಲ್ ಮೇಲೆ ಬಿತ್ತು."

ಭಾವ ಬಾತುಕೋಳಿಯಂತೆ ನಡೆಯುವುದನ್ನು ಕಲ್ಪಿಸಿಕೊಳ್ಳಲು ನನಗೆ ಆಗಲಿಲ್ಲ.

"ಆಮೇಲೆ ಅವರು ನನ್ನ ಮುಂದೆ ಒಂದು ತಮಾಷೆ ಮಾತಾಡಿಲ್ಲ" ಎಂದಳು ಅಕ್ಕ. "ನಾನೂ ನಗಲ್ಲ. ನಾನು ನಕ್ರೆ ಅವರಿಗೆ ಆವತ್ತಿನದು ನೆನಪಾಗಿ ಮುಖ ಬಿಳಿಚಿಕೊಳ್ಳುತ್ತೆ. ನೋಡೋಕಾಗಲ್ಲ. ಸುಮ್ನಿರೋದೇ ವಾಸಿ ಅಂತ ಸುಮ್ನಿದೀನಿ."

"ನೀನು ಸಿಟ್ಟಾಗಿದೀಯ ಅಂದ್ಕೊಂಡಿದ್ದೆ."

"ಸಿಟ್ಟಾ? ಯಾರ ಮೇಲೆ? ಹುಚ್ಚಿ." ಎದ್ದು ಸ್ಟೂಲನ್ನು ಲೇತಿನ ಬಳಿ ಸರಿಸಿಟ್ಟಳು. "ಆ ಗೆರೆನೋ ಪಟ್ಟಿನೋ ಸರಿ ಮಾಡು. ನಾಳೆ ಮತ್ತೆ ಕೂರ್ತೀನಿ."

ಸರಿ ಮಾಡಲು ನಾನು ಕೈಗಳನ್ನು ಕೂಡಿಸಹೊರಟೆ. ಬೀದಿಯ ತಿಂಡಿ ಅಂಗಡಿಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಬಂದಳು, ಎದುರು ಮನೆಗೆ ಗಾರೆ ಮಾಡುತ್ತಿದ್ದ ಗಾರೆಯವನು ಬಂದ, ಪುಸ್ತಕಗಳಿಗೆ ರಟ್ಟು ಕಟ್ಟುವವನು ಅಂಟಿನ ಕೈಯಲ್ಲೇ ಬಂದ. ಮಧ್ಯಾಹ್ನದ ಬಿಡುವಿನಲ್ಲಿ ಕಾರ್ಖಾನೆಯ ಬಾಗಿಲಲ್ಲಿ ಸಾಲು. ಬೆಂಡಿನ ಕೆಳಗೆ ಒಬ್ಬೊಬ್ಬರೇ ಬೆರಳಿಡುವುದು, ನಾನು ಅಂಕಿ ನೋಡುವುದು.

"ಕೈ ನೋಡಿ ಭವಿಷ್ಯ ಹೇಳ್ತೀಯಾ?" ಎಂದು ಕೇಳಿದ ಗಾರೆಯವನು.

"ನಿನ್ನ ಭವಿಷ್ಯ ಹೇಳೋಕೆ ಕೈ ಯಾಕೆ, ಮುಖ ಸಾಕು" ಎಂದಳು ಪಾತ್ರೆಯವಳು. ತನ್ನ ಸರದಿ ಬಂದಾಗ ಬೆಂಡು ತಲೆ ಎತ್ತಿ ಇಳಿದು ಅವಳ ಬೆರಳನ್ನು ಮುಟ್ಟಿತು. ಅವಳು ನನ್ನ ಕಡೆ ತಿರುಗಿ, "ಹೊಟೇಲಿನ ಗಿರಾಕಿಗಳ ಹಾಗೇನೇ ಇದೂ. ನಾನು ಪಕ್ಕದಲ್ಲಿ ನಿಂತಿದ್ರೂ ಕಾಣಲ್ಲ" ಎಂದು ನಕ್ಕಳು.

ಗಾರೆಯವನ ಕೈಯೂ ಕಾಣಲಿಲ್ಲ. ರಟ್ಟಿನವನದು ಒಮ್ಮೆ ಕಂಡಿತು, ಒಮ್ಮೆ ಇಲ್ಲ. ಗೆರೆಯನ್ನು ಕೆಳಗಿಳಿಸಿ ನೋಡಿದೆ. ಆಗ ಎಲ್ಲರ ಕೈಯೂ ಕಂಡಿತು. ಜೊತೆಗೆ ಲೋಹದ ಉಂಗುರ, ತೇವವಿದ್ದ ಕ್ಯಾನ್ವಾಸು, ಗುಡುಗಿನ ಚಹಾದ ಲೋಟ ಕೂಡ ಕೈಯಾಗಿ ಕಂಡು, ಯಂತ್ರ ಒಂದೂ ಏಟು ಹೊಡೆಯದೆ ಮುಷ್ಕರ ಹೂಡಿತು. ಗೆರೆ ಮೇಲಿಟ್ಟರೆ ಬೆರಳಿಗೆ ಬಡಿಯುತ್ತದೆ. ಕೆಳಗಿಟ್ಟರೆ ಕೆಲಸ ಮಾಡುವುದಿಲ್ಲ. ನಡುವೆ ಎಲ್ಲಿಟ್ಟರೂ ಯಾರೋ ಒಬ್ಬರ ಕೈ ಕತ್ತಲಲ್ಲಿ ಉಳಿಯುತ್ತಿತ್ತು.

"ನಿನ್ನ ಮಿಷನ್ ಒಂದೋ ಕುರುಡು, ಇಲ್ಲ ಪುಕ್ಕಲು!" ಎಂದು ಗುಡುಗು ಇಡೀ ಬೀದಿಗೆ ಸಾರಿದ.

ಮರುದಿನ ಬೆಳಿಗ್ಗೆಯೂ ನಾನು ಅದೇ ಅಂಕಿಗಳ ಮೇಲೆ ಬಗ್ಗಿ ಕೂತಿದ್ದೆ. ಕಾರ್ಖಾನೆಯಲ್ಲಿ ದೊಡ್ಡ ಸ್ವಿಚ್ಚು ಹಾಕುವ ಮುನ್ನ ಭಾವ, "ಕೈ?" ಎಂದು ಕೂಗುವುದು ಮೊದಲಿನಿಂದಲೂ ಇದ್ದ ಪದ್ಧತಿ. ಯಾರ್‍ಯಾರು ಯಂತ್ರದ ಬಳಿ ಇದ್ದಾರೋ ಅವರೆಲ್ಲ ಬೆಲ್ಟಿನಿಂದ ಕೈ ತೆಗೆದು, "ಆಚೆ!" ಎಂದು ಉತ್ತರ ಕೊಡಬೇಕು. ಆಮೇಲಷ್ಟೇ ಸ್ವಿಚ್ಚು. ಅಂದೂ ಭಾವ ಕೂಗಿದರು. ಗುಡುಗು "ಆಚೆ!" ಎಂದ. ನನಗೆ ಕೇಳಿಸಿತ್ತು, ಆದರೆ ತಲೆ ಎತ್ತಲಿಲ್ಲ.

ಸ್ವಿಚ್ಚಿನ ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಭಾವ ಸ್ವಿಚ್ಚಿನ ಮೇಲೆ ಕೈಯಿಟ್ಟು, ನನ್ನನ್ನೇ ನೋಡುತ್ತ ನಿಂತಿದ್ದರು.

"ಹಾಕಿ ಭಾವ. ನಾನು ದೂರದಲ್ಲೇ ಇದೀನಲ್ಲ."

"ನೀನು ಹೇಳ್ಲಿಲ್ಲ."

"ಸುಮ್ನಿದ್ದೆ ಅಂದ್ರೆ ಏನೂ ತೊಂದ್ರೆ ಇಲ್ಲ ಅಂತ."

"ಅದು ಹೇಗೆ ಗೊತ್ತಾಗುತ್ತೆ?" ಎಂದರು ಭಾವ. "ಸುಮ್ನಿದ್ದೋರ ಕೈ ಎಲ್ಲಿದೆ ಅಂತ ನಂಗೆ ಹೇಗೆ ಗೊತ್ತಾಗುತ್ತೆ? ಆಚೆ ಅನ್ನು, ಹಾಕ್ತೀನಿ."

"ಆಚೆ" ಎಂದೆ. ಸ್ವಿಚ್ಚು ಬಿತ್ತು. ಬೆಲ್ಟುಗಳು ಓಡತೊಡಗಿದವು. ನಾನು ಮಾತ್ರ ಕೈಯಲ್ಲಿ ಪೆನ್ಸಿಲು ಹಿಡಿದು ಹಾಗೆಯೇ ಕೂತಿದ್ದೆ. ನಾನು ಕಟ್ಟಿದ ಯಂತ್ರ ಅಪಾಯದ ಜಾಗದಲ್ಲಿ ಕೈಯನ್ನು ಹುಡುಕುತ್ತಿತ್ತು. ಏನೂ ಕಾಣದಿದ್ದರೆ ಅಲ್ಲಿ ಯಾರೂ ಇಲ್ಲವೆಂದು ಬಡಿಯುತ್ತಿತ್ತು. ಭಾವನ ಸ್ವಿಚ್ಚು ಹಾಗೆ ಮಾಡುತ್ತಿರಲಿಲ್ಲ. ಉತ್ತರ ಬಾರದಿದ್ದರೆ ಅದು ಕಾಯುತ್ತಿತ್ತು. ಅಕ್ಕನ ಮೌನವನ್ನು ವರ್ಷವಿಡೀ ಪಕ್ಕದಲ್ಲಿ ಕೂತು ಕೇಳಿದವಳು ನಾನು. ಅದರೊಳಗೆ ಏನಿದೆ ಎಂದು ಒಮ್ಮೆಯೂ ಕೇಳದೆ ಸಿಟ್ಟು ಎಂದು ಚೀಟಿ ಅಂಟಿಸಿದ್ದೆ. ಚಿಪ್ಪಿಗೂ ನಾನು ನನ್ನ ಬುದ್ಧಿಯನ್ನೇ ಕಲಿಸಿದ್ದೆ.

ಮೂತಿಯ ಸುತ್ತ ಇದ್ದ ಪಟ್ಟಿಯನ್ನು ಕಿತ್ತು ಹಾಕಿದೆ.

"ಭಾವ, ಎರಡು ತಾಮ್ರದ ತಟ್ಟೆ ಬೇಕು. ಅಂಗೈ ಅಗಲದ್ದು. ಮೂತಿಯ ಎರಡೂ ಪಕ್ಕ, ಬೆರಳು ಚಾಚಿದ್ರೂ ಮೂತಿ ಮುಟ್ಟದಷ್ಟು ಹಿಂದೆ."

"ಯಾಕೆ?"

"ಕೈ?" ಎಂದೆ ನಾನು, ಅವರ ದನಿಯಲ್ಲೇ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಟಾರ್ಪಾಲಿನ ಪಕ್ಕದ ಕಪಾಟಿನಿಂದ ತಾಮ್ರದ ಹಾಳೆ ತೆಗೆದು ಕತ್ತರಿಸಲು ಕೂತರು. ಈ ಸಲದ ಮೌನದಲ್ಲಿ ಕತ್ತರಿಯ ಸದ್ದು ಬೇರೆಯೇ ಇತ್ತು. ಅಥವಾ ನನಗೆ ಹಾಗನಿಸಿರಬಹುದು.

ಎರಡೂ ಅಂಗೈಗಳ ಬುಡವನ್ನು ತಟ್ಟೆಗಳ ಮೇಲೂರಿ, ಚೀಲದ ಬಟ್ಟೆಯನ್ನು ಎರಡು ಬದಿಯಿಂದ ಬಿಗಿಯಾಗಿ ಹಿಡಿಯಬೇಕು. ಎರಡು ಕೈಗಳೂ ಅಲ್ಲಿವೆ ಎಂದು ಚಿಪ್ಪಿಗೆ ಖಚಿತವಾದರೆ ಮಾತ್ರ ಕೀಲು ಹಿಂದೆ ಸರಿದು ಪೆಡಲನ್ನು ಬಿಡುತ್ತದೆ. ಇಲ್ಲವಾದರೆ ಬಿಗಿದೇ ಇರುತ್ತದೆ. ಕೈ ಕಾಣದಿದ್ದರೂ ಬಿಗಿ, ತಂತಿ ಕಡಿದರೂ ಬಿಗಿ, ಕರೆಂಟು ಹೋದರೂ ಬಿಗಿ. ಇಡೀ ಅಂಗೈಯ ಅಗಲವಿದ್ದುದರಿಂದ ಚರ್ಮ ದಪ್ಪವಿದ್ದರೂ ಅಂಕಿ ಏರುತ್ತಿತ್ತು. ಪಾತ್ರೆಯವಳ ಕೈ ಕಂಡಿತು. ಗಾರೆಯವನದೂ ಕಂಡಿತು. ಅವನು ಸಿಮೆಂಟು ಮೆತ್ತಿದ ಕೈಯಲ್ಲೇ ಬಂದಾಗ ಮಾತ್ರ ಯಂತ್ರ ಹೊಡೆಯಲು ಒಪ್ಪಲಿಲ್ಲ. "ಕೈ ತೊಳ್ಕೊಂಡು ಬಾ ಅಂತಿದೆ, ನಿಮ್ಮಮ್ಮನ ಹಾಗೆ" ಎಂದಳು ಪಾತ್ರೆಯವಳು. ತೊಳೆದು ಬಂದ ಮೇಲೆ ಹೊಡೆಯಿತು. ತಪ್ಪು ಈಗಲೂ ಆಗುತ್ತಿತ್ತು. ಆದರೆ ತಪ್ಪಿದಾಗ ನಷ್ಟವಾಗುತ್ತಿದ್ದುದು ಒಂದು ಏಟು, ಬೆರಳಲ್ಲ.

ರಟ್ಟು ಕಟ್ಟುವವನ ಬೆರಳುಗಳು ಬಿದಿರಿನಂತೆ ಉದ್ದ. ಅವನು ಚಾಚಿದಾಗ ತುದಿ ಮೂತಿಯ ಕೆಳಗೇ ಹೋಯಿತು. ಭಾವ ತಟ್ಟೆಗಳನ್ನು ಇನ್ನೂ ಹಿಂದಕ್ಕೆ ಸರಿಸಿ ಬೇರೆ ತೂತು ಕೊರೆದರು. ಆ ಕೆಲಸದಲ್ಲಿ ಒಂದು ಇಡೀ ಮಧ್ಯಾಹ್ನ ಹೋಯಿತು. ಆಮೇಲೆ ಬೆಂಡನ್ನು ತೆಗೆದು ಉಕ್ಕಿನ ಮೂತಿಯನ್ನು ಮತ್ತೆ ಕೂರಿಸಿದವರೂ ಅವರೇ. ಕೂರಿಸಿ, ತಿರುಪನ್ನು ಬಿಗಿ ಮಾಡಿ, ಮತ್ತೆ ಬಿಚ್ಚಿ, ಮತ್ತೆ ಬಿಗಿ ಮಾಡಿದರು.

ಚೀಲದಮ್ಮ ಹೇಳಿದ ದಿನ ಬಂದಳು. ಕೈಯಲ್ಲಿ ಒಂದು ಕಟ್ಟು ಕ್ಯಾನ್ವಾಸು.

"ಏನಂತೀರಿ? ಇವತ್ತು ನಂಗೆ ಕಿವಿ ಕೇಳಿಸ್ತಾ ಇದೆ."

ಭಾವ ಅಕ್ಕನ ಕಡೆ ನೋಡಿದರು. ಅಕ್ಕ ಒಳಗೆ ಹೋಗಿ ತನ್ನ ಕುರ್ಚಿಯನ್ನು ತಾನೇ ಎತ್ತಿಕೊಂಡು ಬಂದಳು. ಭಾವ ಹೆಜ್ಜೆ ಮುಂದಿಟ್ಟರು, ತಡೆಯುವುದಕ್ಕೋ ಹಿಡಿದುಕೊಳ್ಳುವುದಕ್ಕೋ ಅವರಿಗೇ ತಿಳಿಯಲಿಲ್ಲವೇನೋ, ಅಲ್ಲಿಯೇ ನಿಂತರು. ಅವಳು ಕೂತು ಸೆರಗು ಸಿಕ್ಕಿಸಿಕೊಂಡಳು. ಕ್ಯಾನ್ವಾಸನ್ನು ಹರಡಿ ಎರಡೂ ಅಂಗೈ ಊರಿದಳು. ಕೀಲು ಹಿಂದೆ ಸರಿದ ಸಣ್ಣ ಸದ್ದು ಕೇಳಿಸಿತು. ಮೂತಿಯ ಕೆಳಗೆ ಬರೀ ಬಟ್ಟೆ ಮತ್ತು ಉಂಗುರ.

ಪೆಡಲು ಒತ್ತಿದಳು. ಖಟ್ ಎಂದು ಬಿತ್ತು.

ಅಕ್ಕ ಬಟ್ಟೆಯನ್ನೆತ್ತಿ ಬೆಳಕಿಗೆ ಹಿಡಿದು ಉಂಗುರವನ್ನು ನೋಡಿದಳು. ಮತ್ತೆ ಊರಿದಳು, ಮತ್ತೆ ಒತ್ತಿದಳು. ಖಟ್, ಖಟ್. ಲಯ ಸಿಕ್ಕಿತು. ಭಾವ ಮಾತ್ರ ಯಂತ್ರಕ್ಕೆ ಬೆನ್ನು ಮಾಡಿ, ಗೋಡೆಯ ಮೇಲೆ ನೇತುಹಾಕಿದ್ದ ಸ್ಪ್ಯಾನರುಗಳನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತಿದ್ದರು.

"ನಿಮ್ಮ ಯಜಮಾನರನ್ನ ನೋಡ್ರೀ" ಎಂದಳು ಚೀಲದಮ್ಮ. "ಹೆರಿಗೆ ಕೋಣೆ ಆಚೆ ನಿಂತವರ ಹಾಗೆ ನಿಂತಿದ್ದಾರೆ. ಹೆಣ್ಣೋ ಗಂಡೋ ಹೇಳಿಬಿಡಿ ಪಾಪ."

ಅಕ್ಕನಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ವರ್ಷವಿಡೀ ಕೂಡಿಟ್ಟದ್ದು ಒಮ್ಮೆಲೇ ಹೊರಗೆ ಬಂದಂತೆ ಬಗ್ಗಿ ಬಗ್ಗಿ ನಕ್ಕಳು. ಎಡಗೈ ಬಾಯಿ ಮುಚ್ಚಿಕೊಳ್ಳಲು ಮೇಲೆದ್ದಿತು, ಮೈ ಮುಂದೆ ವಾಲಿತು, ಕಾಲು ಪೆಡಲಿನ ಮೇಲೆ ಪೂರ್ತಿ ಭಾರ ಬಿಟ್ಟಿತು.

ಏನೂ ಆಗಲಿಲ್ಲ. ಮೂತಿ ಮೇಲೆಯೇ ನಿಂತಿತ್ತು. ಮೋಟಾರು ತಿರುಗುತ್ತಲೇ ಇತ್ತು.

ಭಾವ ತಿರುಗಿದ್ದರು. ನಗು ಕೇಳಿದ ಕ್ಷಣವೇ ತಿರುಗಿರಬೇಕು. ಅವರ ಮುಖ ಅಕ್ಕ ಹೇಳಿದ್ದಂತೆಯೇ ಬಿಳಿಚಿತ್ತು. ಅಕ್ಕ ಅವರನ್ನು ನೋಡಿದಳು. ಈ ಸಲ ನಗುವನ್ನು ನುಂಗಲಿಲ್ಲ. ಎಡಗೈಯನ್ನು ಗಾಳಿಯಲ್ಲೇ ಹಿಡಿದು, ಅವರಿಗೆ ಕಾಣುವ ಹಾಗೆ, ಪೆಡಲನ್ನು ಮತ್ತೆ ಮತ್ತೆ ತುಳಿದಳು. ಬಿಗಿ. ಬಿಗಿ. ಕೈಯನ್ನು ತಟ್ಟೆಯ ಮೇಲಿಟ್ಟಳು. ಖಟ್.

"ಕಾಯುತ್ತೆ ನೋಡಿ" ಎಂದಳು. "ನಗೋದು ಮುಗಿಯೋವರೆಗೂ ಕಾಯುತ್ತೆ."

ಭಾವ ಅಲ್ಲಿದ್ದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. ಗುಡುಗು ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದವನಂತೆ ಉಜ್ಜಿಕೊಂಡ. ಭಾವ ಹಾಗೆ ಕೂತದ್ದಕ್ಕೆ ನಾನು ಯಾವ ಚೀಟಿಯನ್ನೂ ಅಂಟಿಸಹೋಗಲಿಲ್ಲ.

"ಚೆನ್ನಾಗಿದೆ" ಎಂದಳು ಚೀಲದಮ್ಮ. "ಆದ್ರೆ ನನ್ನ ಹೆಣ್ಮಕ್ಕಳು ಚಾಲಾಕಿ. ಬೇಗ ಬೇಗ ಮಾಡ್ಬೇಕು ಅಂತ ಒಂದು ತಟ್ಟೆ ಮೇಲೆ ಒದ್ದೆ ಬಟ್ಟೆ ಹಾಕಿ ಮೋಸ ಮಾಡಿದ್ರೆ?"

ಅದನ್ನು ನಾನು ಯೋಚಿಸಿರಲಿಲ್ಲ. ಹಾಗೆಂದು ಹೇಳಿದೆ. "ಎರಡು ಏಟಿನ ನಡುವೆ ಕೈ ಒಮ್ಮೆ ಎದ್ದು ಕೂರ್ಲೇಬೇಕು ಅಂತ ಚಿಪ್ಪಿಗೆ ಹೇಳ್ಬಹುದು. ಬಟ್ಟೆಗೆ ಎದ್ದು ಕೂರೋಕೆ ಬರಲ್ಲ. ಒಂದಷ್ಟು ದಿನ ಕೊಡಿ."

"ತಗೋ. ಅಷ್ಟರಲ್ಲಿ ಅವರು ಇನ್ನೊಂದು ಕಳ್ಳದಾರಿ ಹುಡುಕ್ತಾರೆ, ಅದನ್ನೂ ಬಂದು ಹೇಳ್ತೀನಿ."

ಅವಳು ಹೋದ ಮೇಲೆ ಭಾವ ಎದ್ದು ಗೋಡೆಯ ಬಳಿ ಹೋದರು. ಟಾರ್ಪಾಲನ್ನು ಎಳೆದರು. ಧೂಳು ಎದ್ದಿತು. ಎರಕದ ಮೈಯೊಂದನ್ನು ಅಪ್ಪಿ ಹಿಡಿದು ಏದುಸಿರು ಬಿಡುತ್ತ ತಂದು ಬೆಂಚಿನ ಮೇಲಿಟ್ಟರು.

"ಗುಜರಿಯವನು ಬಂದ್ರೆ ಏನು ಹೇಳ್ಲಿ?" ಗುಡುಗು ಕೇಳಿದ.

"ನಿನ್ನನ್ನ ಕೊಡ್ತೀನಿ ಅನ್ನು. ತೂಕ ಚೆನ್ನಾಗಿ ಬರುತ್ತೆ."

ಗುಡುಗಿಗೆ ಮೊದಲು ಕೇಳಿಸಲಿಲ್ಲ. ಕೇಳಿಸಿದಾಗ ಬಾಯಿ ತೆರೆದು ನನ್ನ ಕಡೆ ನೋಡಿದ. ಅಕ್ಕ ತಲೆ ಎತ್ತದೆ ಚೀಲದ ಬಟ್ಟೆಗೆ ಉಂಗುರ ಕೂರಿಸುತ್ತಿದ್ದಳು. ಭುಜಗಳು ಮಾತ್ರ ಕುಣಿಯುತ್ತಿದ್ದವು. ಯಂತ್ರ ಒಂದೊಂದು ಏಟಿಗೂ ಅವಳನ್ನು ಕಾದು, ಹೊಡೆದು, ಮತ್ತೆ ಕಾಯುತ್ತಿತ್ತು.

"ಏನೇ," ಎಂದಳು ನನಗೆ, "ಈ ತಟ್ಟೆ ಮಂಜುಗಡ್ಡೆ ಥರ ತಣ್ಣಗಿದೆ. ಚಳಿಯಲ್ಲಿ ಯಾರು ಕೈ ಇಡ್ತಾರೆ? ಮೇಲೆ ತೆಳ್ಳಗೆ ಏನಾದ್ರೂ ಹೊದಿಸೋಕಾಗುತ್ತಾ?"

"ಹೊದಿಸಿದ್ರೆ ಅಂಕಿ ಇಳಿಯುತ್ತೆ ಅಕ್ಕ."

"ಇಳಿದ್ರೆ ಇಳೀಲಿ, ಎಷ್ಟು ಇಳಿಯುತ್ತೆ ನೋಡು. ನಾನು ಇಲ್ಲೇ ಕೂತಿರ್ತೀನಲ್ಲ."

ನಾನು ಬಟ್ಟೆಯ ಚೂರುಗಳಿದ್ದ ಡಬ್ಬಿಯನ್ನು ಹುಡುಕಲು ಎದ್ದೆ.